ಭೀಮಾತೀರದ ತತ್ವಪದ ಪರಂಪರೆ: ಕರಜಗಿ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಒಂದು ವಿವೇಚನೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಕರಜಗಿಯೂ ಒಂದು. ಕರಿಮಣ್ಣಿನ ಬಯಲು, ಹಿಂಗಾರಿ ಜೋಳ, ತೊಗರಿ, ಈಚಿನ ದಶಕಗಳಲ್ಲಿ ಕಬ್ಬು. ಒಂದು ಬದಿಗೆ ಭೀಮಾನದಿ, ಇನ್ನೊಂದು ಬದಿಗೆ ಮಹಾರಾಷ್ಟ್ರದ ಅಕ್ಕಲಕೋಟೆಯ ಸೀಮೆ. ನಾಡಿನ ಚರಿತ್ರೆಯನ್ನು ರಾಜಧಾನಿಗಳ ಮೂಲಕ ಬರೆಯುವವರಿಗೆ ಇಂಥ ಊರು ಕಣ್ಣಿಗೆ ಬೀಳುವುದಿಲ್ಲ. ಕಲಬುರಗಿ ಜಿಲ್ಲೆಯೆಂದೊಡನೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ, ಕವಿರಾಜಮಾರ್ಗ, ಸನ್ನತಿಯ ಅಶೋಕನ ಶಾಸನ, ಕನಗನಹಳ್ಳಿಯ ಸ್ತೂಪ, ಬಹಮನಿಗಳ ಕೋಟೆ ಇವು ನೆನಪಾಗುತ್ತವೆ. ಇವೆಲ್ಲ ನಿಜವಾದ ಹೆಮ್ಮೆಗಳೇ. ಆದರೆ ಕಳೆದ ಎರಡು ಶತಮಾನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಸಾಮಾನ್ಯ ಜನರು ತಮ್ಮ ಬದುಕಿನ ಅರ್ಥವನ್ನು ಹುಡುಕಿಕೊಂಡದ್ದು ಶಿಲಾಶಾಸನಗಳಲ್ಲಿ ಅಲ್ಲ. ಅಮಾವಾಸ್ಯೆಯ ರಾತ್ರಿ ಏಕತಾರಿಯ ಮೇಲೆ ಹಾಡಿಕೊಂಡು ಬಂದ ಪದಗಳಲ್ಲಿ. ತತ್ವಪದವೆಂದು ವಿದ್ವಾಂಸರು ಕರೆಯುವ, ಜನರು ಸರಳವಾಗಿ 'ಭಜನಿ ಪದ' ಎನ್ನುವ ಈ ಪ್ರಕಾರದ ಹಿನ್ನೆಲೆ, ಅದನ್ನು ಉಳಿಸಿಕೊಂಡು ಬಂದ ವ್ಯವಸ್ಥೆ ಹಾಗೂ ಸಂಪಾದನೆಯ ಕೆಲವು ಸಮಸ್ಯೆಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲ ಮತ್ತು ಗಡಿ

ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಈ ಪ್ರದೇಶವು 'ಅಲಂದೆ ಸಾಸಿರ'ದ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಲಂದೆ ಎಂದರೆ ಇಂದಿನ ಆಳಂದ. ಕಲಬುರಗೆಯು ಕಲಬುರಗಿಯಾದಂತೆ ಪದಾಂತ್ಯದ ಎಕಾರವು ಇಕಾರವಾಗುವುದು ಉತ್ತರದ ಕನ್ನಡದ ಸಾಮಾನ್ಯ ಲಕ್ಷಣ. ಕರಜಗಿ, ಘತ್ತರಗಿ, ಜೇವರ್ಗಿ ಮೊದಲಾದ ಹೆಸರುಗಳ ಕೊನೆಯ 'ಗಿ'ಯನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಇದು ಸಣ್ಣ ಸಂಗತಿಯಂತೆ ತೋರಿದರೂ ಪದಗಳ ಪ್ರಾಸವನ್ನು ಚರ್ಚಿಸುವಾಗ ಮತ್ತೆ ಎದುರಾಗುತ್ತದೆ.

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಮುಂದೆ ಕನ್ನಡ ನೆಲಕ್ಕೆ ಇಳಿದು, ರಾಯಚೂರಿನ ಸಮೀಪ ಕೃಷ್ಣೆಯನ್ನು ಕೂಡುತ್ತಾಳೆ. ಈ ನದಿಯು ಎರಡು ಭಾಷೆಗಳ ಭಕ್ತಿ ಪರಂಪರೆಗಳನ್ನು ಒಂದೇ ಸೂತ್ರದಲ್ಲಿ ಕಟ್ಟಿದೆ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದರಲ್ಲಿ ಪಂಢರಿಯ ವಿಠ್ಠಲನನ್ನು ಕನ್ನಡದವನೆಂದೇ ಕರೆಯಲಾಗಿದೆ. ಭೀಮಾ-ಅಮರಜಾ ಸಂಗಮದ ಗಾಣಗಾಪುರವು ನೃಸಿಂಹ ಸರಸ್ವತಿಗಳ ಕ್ಷೇತ್ರವಾಗಿ ಮರಾಠಿ ಭಕ್ತರಿಗೆ ಎಷ್ಟು ಹತ್ತಿರವೋ ಕನ್ನಡಿಗರಿಗೂ ಅಷ್ಟೇ ಹತ್ತಿರ. ಅವರ ಚರಿತ್ರೆಯಾದ ಮರಾಠಿಯ 'ಗುರುಚರಿತ್ರ'ವನ್ನು ಬರೆದ ಸರಸ್ವತಿ ಗಂಗಾಧರರು ಮರಾಠಿ ತಮ್ಮ ಭಾಷೆಯಲ್ಲವೆಂದು ಗ್ರಂಥದಲ್ಲಿಯೇ ಸೂಚಿಸಿದ್ದಾರೆ; ಗ್ರಂಥದ ನಡುವೆ ಕನ್ನಡ ಪದಗಳೂ ಬರುತ್ತವೆ. ಅವರ ಮನೆತನದ ಊರೆಂದು ಹೇಳಲಾಗುವ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ನೆಲೆಗೊಂಡಿರುವುದು ಕಾಕತಾಳೀಯವಾದರೂ ಸಂಶೋಧಕರಿಗೆ ಒಂದು ಅನುಕೂಲವೇ ಸರಿ.

ಜೋಡಿಸುವ ನದಿಯು ಒಂದು ಕಾಲಕ್ಕೆ ಬೇರ್ಪಡಿಸುವ ಗೆರೆಯೂ ಆಗಿತ್ತು. ಅಫಜಲಪುರ ತಾಲ್ಲೂಕಿನ ಮಟ್ಟಿಗೆ ಭೀಮೆಯ ಈ ದಂಡೆ ಹೈದರಾಬಾದಿನ ನಿಜಾಮರದು. ಆ ದಂಡೆಯ ಇಂಡಿ, ಸಿಂದಗಿ ತಾಲ್ಲೂಕುಗಳು ಮುಂಬಯಿ ಆಧಿಪತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಹೊಳೆ ದಾಟಿದರೆ ಆಡಳಿತ ಭಾಷೆ ಬೇರೆ, ನಾಣ್ಯ ಬೇರೆ, ಶಾಲೆ ಬೇರೆ. ಈ ಕಡೆಯ ಕಂದಾಯದ ಕಾಗದ ಉರ್ದುವಿನಲ್ಲಿರುತ್ತಿತ್ತು. ಇಂದಿಗೂ ಇಲ್ಲಿನ ಮನೆತನಗಳ ಅಡ್ಡಹೆಸರುಗಳಾಗಿ ಉಳಿದಿರುವ ಮಾಲಿಪಾಟೀಲ, ಪೊಲೀಸಪಾಟೀಲ ಎಂಬವು ಆ ಆಡಳಿತದ ಗುರುತುಗಳು. ಆದರೆ ಬೀಗತನ, ಜಾತ್ರೆ, ದನದ ಸಂತೆ, ಹಾಡು ಇವು ಗಡಿಯನ್ನು ಲೆಕ್ಕಿಸಲಿಲ್ಲ.

ಎರಡು ದಂಡೆ, ಎರಡು ಗತಿ

ಈ ಗಡಿಯ ಪರಿಣಾಮವನ್ನು ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ (1905–1993), ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಒಟ್ಟುಗೂಡಿ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರು. 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವರಲ್ಲಿ ಬಿ.ಎಂ. ಶ್ರೀಕಂಠಯ್ಯನವರೂ ಒಬ್ಬರು. ಇದಕ್ಕೆ ಮೂರೇ ವರ್ಷ ಮೊದಲು, 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ನಡೆದ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರೂ ಅವರೇ. ಅಂದರೆ ಭೀಮೆಯ ಎರಡೂ ದಂಡೆಗಳಿಗೆ ಹೊಸ ಕನ್ನಡದ ಗಾಳಿ ತಗುಲಿದ್ದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಆದರೂ ಆ ದಂಡೆಯ ಹಾಡು ಅಚ್ಚಾಗಿ ಕನ್ನಡದ ಪಠ್ಯವಾಯಿತು. ಈ ದಂಡೆಯ ಪದಗಳು ಇನ್ನೂ ಬಹುಕಾಲ ವಹಿಗಳಲ್ಲಿ, ಕೊರಳುಗಳಲ್ಲಿ ಉಳಿದವು.

ಇದಕ್ಕೆ ಎರಡು ಕಾರಣಗಳಿರುವಂತೆ ತೋರುತ್ತದೆ. ಮೊದಲನೆಯದು ರಾಜಕೀಯ. ಮುಂಬಯಿ ಕರ್ನಾಟಕಕ್ಕೆ ಧಾರವಾಡದ ಮುದ್ರಣಾಲಯಗಳು, ಕನ್ನಡ ಶಾಲೆಗಳು, ಪತ್ರಿಕೆಗಳು ಬೆನ್ನಿಗಿದ್ದವು. ನಿಜಾಮರ ಸೀಮೆಯಲ್ಲಿ 1907ರಲ್ಲಿ ಸ್ಥಾಪನೆಯಾದ ಕಲಬುರಗಿಯ ನೂತನ ವಿದ್ಯಾಲಯದಂಥ ಕೆಲವೇ ಸಂಸ್ಥೆಗಳ ಮೇಲೆ ಭಾರವೆಲ್ಲ ಬಿದ್ದಿತ್ತು. ಎರಡನೆಯ ಕಾರಣ ನಮ್ಮ ವಿದ್ವತ್ತಿನದೇ. ಜಾನಪದವೆಂದರೆ ಕರ್ತೃವಿಲ್ಲದ ಹಾಡು ಎಂಬ ತಿಳಿವಳಿಕೆ ಬಹುಕಾಲ ಗಟ್ಟಿಯಾಗಿತ್ತು. ತತ್ವಪದದ ಕೊನೆಯ ನುಡಿಯಲ್ಲಿ ಅಂಕಿತವಿದೆ, ಆದ್ದರಿಂದ ಅದು ಜಾನಪದವಲ್ಲ. ಅದರ ಭಾಷೆ ಆಡುಮಾತು, ಛಂದಸ್ಸು ಹಾಡಿನ ದಾಟಿ, ಆದ್ದರಿಂದ ಅದು ಶಿಷ್ಟ ಕಾವ್ಯವೂ ಅಲ್ಲ. ಸಾಹಿತ್ಯ ಚರಿತ್ರೆಕಾರರು ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳನ್ನು ಕನ್ನಡದ ಕತ್ತಲೆಯ ಕಾಲವೆಂದು ಬಗೆದರು. ನೂರಾರು ಜನ ಪದಕಾರರು ಊರೂರಿನಲ್ಲಿ ಹಾಡು ಕಟ್ಟುತ್ತಿದ್ದ ಕಾಲವನ್ನು ಕತ್ತಲೆಯೆಂದು ಕರೆದದ್ದು ಕಾಲದ ದೋಷವಲ್ಲ, ನೋಟದ ದೋಷ. ಈ ಕೊರತೆಯನ್ನು ತುಂಬುವ ದೊಡ್ಡ ಪ್ರಯತ್ನವೆಂದರೆ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವು ಈ ಶತಮಾನದ ಎರಡನೆಯ ದಶಕದಲ್ಲಿ ಕೈಗೊಂಡ ಸಮಗ್ರ ತತ್ವಪದ ಸಂಪುಟಗಳ ಪ್ರಕಟಣೆ.

ಕಡಕೋಳ ಮಡಿವಾಳಪ್ಪ ಮತ್ತು ಶಿಷ್ಯ ಬಳಗ

ಈ ಸೀಮೆಯ ತತ್ವಪದಕಾರರಲ್ಲಿ ಹಿರಿಯ ಹೆಸರು ಕಡಕೋಳದ ಮಡಿವಾಳಪ್ಪನವರದು. ಹದಿನೆಂಟನೆಯ ಶತಮಾನದ ಉತ್ತರಾರ್ಧ ಹಾಗೂ ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಅವರು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಅವಿಭಜಿತ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆನಿಂತರೆಂಬುದು ಪರಂಪರೆಯ ನಂಬಿಕೆ. ಅವರ ಬಗ್ಗೆ ಜನರು ಹೇಳುವ ಐತಿಹ್ಯಗಳಲ್ಲಿ ಹುಟ್ಟಿನ ಕಾರಣಕ್ಕೆ ಎದುರಾದ ಅವಮಾನ, ಆಚಾರವಂತರ ತಿರಸ್ಕಾರ, ಊರಿಂದೂರಿಗೆ ಅಲೆದಾಟ ಇವು ಮತ್ತೆ ಮತ್ತೆ ಬರುತ್ತವೆ. ಐತಿಹ್ಯದ ಪ್ರತಿಯೊಂದು ಘಟನೆಯನ್ನೂ ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಜನಸಮುದಾಯವು ತನ್ನ ಗುರುವನ್ನು ಅವಮಾನಿತನ ರೂಪದಲ್ಲಿ ನೆನೆಯಲು ಇಷ್ಟಪಟ್ಟಿದೆ ಎಂಬುದು ಸ್ವತಃ ಒಂದು ಚಾರಿತ್ರಿಕ ಸಂಗತಿ. ಡಂಭಾಚಾರ, ಕುಲದ ಹಮ್ಮು, ಮಠದ ಆಡಂಬರ, ದುಡ್ಡಿನ ಗುರುತನ ಇವುಗಳ ಮೇಲೆ ಅವರ ಪದಗಳು ಎರಗುವ ರೀತಿಗೂ ಆ ನೆನಪಿಗೂ ನಂಟಿದೆ.

ಅವರ ಶಿಷ್ಯ ಬಳಗವನ್ನು ಗಮನಿಸಿದರೆ ಈ ಪರಂಪರೆಯ ಸಾಮಾಜಿಕ ಸ್ವರೂಪ ತಿಳಿಯುತ್ತದೆ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ರಾಮಪುರದ ಬಕ್ಕಪ್ಪ ಇವರೆಲ್ಲ ಪದ ಕಟ್ಟಿದವರು. ಹೆಸರುಗಳೇ ಹೇಳುವಂತೆ ಇಲ್ಲಿ ಒಂದೇ ಜಾತಿ, ಒಂದೇ ಮತದ ಕಟ್ಟಿಲ್ಲ. ಹೆಸರಿನ ಹಿಂದಿರುವ ಊರನ್ನೂ ಗಮನಿಸಬೇಕು. ತತ್ವಪದಕಾರನನ್ನು ಜನರು ಅವನ ಮನೆತನದಿಂದಲ್ಲ, ಊರಿನಿಂದ ಗುರುತಿಸುತ್ತಾರೆ. ಕುಲವನ್ನು ಕೇಳಬಾರದೆಂದು ಹಾಡುವ ಪಂಥಕ್ಕೆ ಇದು ಒಪ್ಪುವ ರೂಢಿಯೇ ಆಗಿದೆ. ಶಿಶುನಾಳದ ಶರೀಫಸಾಹೇಬರ (1819–1889) ಹೆಸರು ನಾಡಿಗೆಲ್ಲ ಗೊತ್ತು. ಆದರೆ ಮುಸ್ಲಿಂ ಶಿಷ್ಯ, ಹಿಂದೂ ಗುರು ಎಂಬ ಸಂಬಂಧವು ಶಿಶುನಾಳದ ಅಪೂರ್ವ ಘಟನೆಯೇನಲ್ಲ, ಕಲಬುರಗಿ ಸೀಮೆಯಲ್ಲಿ ಅದೊಂದು ರೂಢಿಯ ದಾರಿಯೇ ಆಗಿತ್ತೆಂಬುದಕ್ಕೆ ಜಲಾಲಸಾಹೇಬರು ಸಾಕ್ಷಿ.

ಇದೇ ನೆಲದಲ್ಲಿ ಸ್ವಲ್ಪ ಮೊದಲು ಬಾಳಿದ ಶರಣಬಸವೇಶ್ವರರನ್ನು (1746–1822) ಇಲ್ಲಿ ನೆನೆಯಬೇಕು. ಅವಿಭಜಿತ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಒಕ್ಕಲಿಗ ಶರಣರು ಅವರು. ಬಂದವರಿಗೆಲ್ಲ ಅನ್ನ ನೀಡುವ ದಾಸೋಹವನ್ನು ಕಲಬುರಗಿಗೆ ಒಯ್ದು ಅಲ್ಲಿಯೇ ನಿಂತರು. ಅವರು ದಾಸೋಹದ ಮೂಲಕ ಮಾಡಿದುದನ್ನು ಮಡಿವಾಳಪ್ಪನವರು ಪದದ ಮೂಲಕ ಮಾಡಿದರೆನ್ನುವುದುಂಟು. ಮಾತು ಚೆಂದವಾಗಿದೆ, ಆದರೆ ಇಬ್ಬರ ದಾರಿಗಳ ನಡುವಿನ ಅಂತರವನ್ನು ಅದು ಮರೆಸುತ್ತದೆ. ದಾಸೋಹವು ಒಂದು ದೊಡ್ಡ ಸಂಸ್ಥಾನವಾಗಿ ಬೆಳೆಯಿತು, ಶಿಕ್ಷಣ ಸಂಸ್ಥೆಗಳನ್ನೂ ಕಟ್ಟಿತು. ತತ್ವಪದವು ಸಂಸ್ಥೆಯಾಗಿ ಬೆಳೆಯಲು ಒಲ್ಲೆನೆಂದಿತು.

ಪದದ ಕಟ್ಟು

ರೂಪದ ದೃಷ್ಟಿಯಿಂದ ತತ್ವಪದವು ನಿಜಗುಣ ಶಿವಯೋಗಿಗಳ 'ಕೈವಲ್ಯ ಪದ್ಧತಿ'ಯ ಸ್ವರವಚನಗಳ ಸಂತತಿಗೆ ಸೇರಿದುದು. ಪಲ್ಲವಿ, ಅದರ ಬೆನ್ನಿಗೆ ಅನುಪಲ್ಲವಿ, ನಂತರ ಮೂರೋ ಐದೋ ನುಡಿಗಳು, ಕೊನೆಯ ನುಡಿಯಲ್ಲಿ ಅಂಕಿತ. ವಸ್ತುವು ಸ್ಥೂಲವಾಗಿ ಎರಡು ಬಗೆಯದು: ಒಂದು, ಲೋಕದ ನಡೆಯನ್ನು ಕುರಿತ ನೀತಿ-ವಿಡಂಬನೆ, ಇನ್ನೊಂದು, ಪಿಂಡಾಂಡ-ಬ್ರಹ್ಮಾಂಡ, ಷಟ್‌ಚಕ್ರ, ಉಸಿರು, ಬಯಲು ಇವುಗಳನ್ನು ಕುರಿತ ಸಾಧನೆಯ ಪದ. ಎರಡನೆಯ ಬಗೆಯಲ್ಲಿ ಬೆಡಗಿನ ಪದಗಳು ಹೆಚ್ಚು. ಕೇಳಿದೊಡನೆ ಅಸಂಬದ್ಧವೆನಿಸುವ, ಗುರುಮುಖದಿಂದ ಬಿಡಿಸಿಕೊಳ್ಳಬೇಕಾದ ಪದಗಳಿವು.

ಆದರೆ ಈ ಗಹನವಾದ ವಿಷಯಕ್ಕೆ ಬಳಸುವ ಸಾಮಗ್ರಿಯೆಲ್ಲ ಒಕ್ಕಲುತನದ್ದು, ಮನೆವಾರ್ತೆಯದು. ದೇಹವು ಹೊಲ, ಕಾಮ-ಕ್ರೋಧಗಳು ಕಳೆ, ಗುರುಬೋಧೆಯು ಬೀಜ, ಕೂರಿಗೆಯ ತಾಳುಗಳು ನಾಡಿಗಳು. ದೇಹವೇ ಬಾಡಿಗೆಮನೆ, ಕಂದಾಯ ಕೇಳಲು ಬರುವವನು ಯಮ. ನಿಜಾಮರ ಕಾಲದ ಪದಗಳಲ್ಲಿ ತಹಸೀಲ, ಪಟವಾರಿ, ಬಾಕಿ, ಜಪ್ತಿ ಇಂಥ ಆಡಳಿತದ ಮಾತುಗಳು ಪಾರಮಾರ್ಥದ ರೂಪಕಗಳಾಗಿ ಒಳಬಂದಿರುವುದು ಈ ದಂಡೆಯ ಪದಗಳ ವೈಶಿಷ್ಟ್ಯ. ಸಾಲದಲ್ಲಿ ಬಿದ್ದು ಜಪ್ತಿಗೆ ಒಳಗಾದ ರೈತನಿಗೆ ಸಾವನ್ನು ಜಪ್ತಿಯೆಂದು ವಿವರಿಸಲು ವೇದಾಂತದ ಭಾಷ್ಯ ಬೇಕಾಗುವುದಿಲ್ಲ.

ಇದಕ್ಕೆ ಸಮಾನಾಂತರವಾದ ಉದಾಹರಣೆ ಸೂಫಿ ಪರಂಪರೆಯಲ್ಲಿದೆ. ಸುಮಾರು 1400ರ ಹೊತ್ತಿಗೆ ಕಲಬುರಗಿಗೆ ಬಂದು 1422ರಲ್ಲಿ ಅಲ್ಲಿಯೇ ಕಾಲವಾದ ಬಂದೇನವಾಜರ ಹಾಗೂ ಅವರ ನಂತರದ ದಖನಿ ಸೂಫಿಗಳ ಹೆಸರಿನಲ್ಲಿ 'ಚಕ್ಕೀನಾಮಾ'ಗಳು ಪ್ರಚಲಿತವಾಗಿವೆ. ಬೀಸುವ ಕಲ್ಲಿನ ಪ್ರತಿಯೊಂದು ಭಾಗವನ್ನೂ ಆಧ್ಯಾತ್ಮದ ಒಂದೊಂದು ಅಂಶಕ್ಕೆ ಹೋಲಿಸಿ, ಹೆಣ್ಣುಮಕ್ಕಳು ಹಿಟ್ಟು ಬೀಸುತ್ತ ಹಾಡಿಕೊಳ್ಳಲೆಂದು ಕಟ್ಟಿದ ಹಾಡುಗಳಿವು. ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳನ್ನು ಕುರಿತ 1978ರ ಗ್ರಂಥದಲ್ಲಿ ಇವುಗಳ ಸಾಮಾಜಿಕ ಮಹತ್ವವನ್ನು ಚರ್ಚಿಸಿದ್ದಾರೆ. ಕನ್ನಡದ ಬೀಸುವ ಪದಗಳೂ ಅದೇ ಕಲ್ಲಿನ ಮುಂದೆ ಹುಟ್ಟಿದವು. ಯಾರಿಂದ ಯಾರು ಪಡೆದರೆಂಬ ಪ್ರಶ್ನೆ ಇಲ್ಲಿ ಅಷ್ಟಾಗಿ ಫಲಕಾರಿಯಲ್ಲ. ಒಂದೇ ಓಣಿಯಲ್ಲಿ, ಒಂದೇ ಬೆಳಗಿನ ಜಾವದಲ್ಲಿ, ಎರಡು ಮನೆಗಳಿಂದ ಎರಡು ಭಾಷೆಯಲ್ಲಿ ಕೇಳಿಬರುತ್ತಿದ್ದ ಹಾಡುಗಳು ಒಂದರ ಧಾಟಿಯನ್ನು ಇನ್ನೊಂದು ಕಲಿಯದೆ ಇರಲು ಸಾಧ್ಯವಿರಲಿಲ್ಲ.

ಭಜನಿ ಮೇಳ: ಕಲಿಕೆಯ ವ್ಯವಸ್ಥೆ

ತತ್ವಪದವು ಉಳಿದುಬಂದದ್ದು ಪುಸ್ತಕದಿಂದಲ್ಲ, ಮೇಳದಿಂದ. ಒಂದು ಊರಿನ ಭಜನಿ ಮೇಳವೆಂದರೆ ಎಂಟು-ಹತ್ತು ಜನ. ಏಕತಾರಿ, ದಮ್ಮಡಿ, ತಾಳ ಇವು ಹಳೆಯ ವಾದ್ಯಗಳು. ಹಾರ್ಮೋನಿಯಂ ಮತ್ತು ತಬಲಾ ಬಂದದ್ದು ನಂತರ, ಬಯಲಾಟ ಹಾಗೂ ಕಂಪನಿ ನಾಟಕಗಳ ಪ್ರಭಾವದಿಂದ. ಮುಂದಾಳು ಒಂದು ಸಾಲು ಎತ್ತಿಕೊಡುತ್ತಾನೆ, ಹಿಮ್ಮೇಳದವರು ತಿರುಗಿಸುತ್ತಾರೆ. ಹೀಗೆ ತಿರುಗಿಸುವುದರಲ್ಲಿಯೇ ಕಲಿಕೆ ಮುಗಿಯುತ್ತದೆ. ಓದುಬರಹ ಬಾರದವನು ನೂರಾರು ಪದಗಳನ್ನು ಕರಗತ ಮಾಡಿಕೊಳ್ಳುವುದು ಈ ಕ್ರಮದಿಂದಲೇ. ಬರೆಯಬಲ್ಲವರು ಉದ್ದನೆಯ ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಆ ವಹಿಯು ದೇವರ ಜಗಲಿಯಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿರುತ್ತದೆ, ಅದನ್ನು ಸುಮ್ಮನೆ ಕೇಳಿದವರಿಗೆ ಕೊಡುವುದಿಲ್ಲ.

ಹಾಡುವ ಸಂದರ್ಭಗಳು ನಿಶ್ಚಿತವಾಗಿವೆ. ಪ್ರತಿ ಅಮಾವಾಸ್ಯೆ, ಶ್ರಾವಣದ ತಿಂಗಳು, ಶಿವರಾತ್ರಿ, ಗುರುವಿನ ಪುಣ್ಯತಿಥಿ, ಊರ ಜಾತ್ರೆ. ಘತ್ತರಗಿಯ ಭಾಗ್ಯವಂತಿ, ಮಣೂರಿನ ಯಲ್ಲಮ್ಮ ಇವರ ಸನ್ನಿಧಿಗಳು ಹೊಳೆಯ ದಂಡೆಯಲ್ಲಿಯೇ ಇವೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅಲ್ಲಿಗೆ ಬರುವ ಎರಡೂ ರಾಜ್ಯಗಳ ಜನರ ನಡುವೆ ಹಾಡಿನ ವಿನಿಮಯವೂ ನಡೆಯುತ್ತದೆ. ಎರಡು ಮೇಳಗಳು ಕೂಡಿದಾಗ ಸವಾಲ್-ಜವಾಬ್ ನಡೆಯುವುದುಂಟು. ಒಂದು ಮೇಳ ಬೆಡಗಿನ ಪದ ಹಾಡಿ ಅರ್ಥ ಕೇಳುತ್ತದೆ, ಇನ್ನೊಂದು ಮೇಳ ಪದದಿಂದಲೇ ಉತ್ತರಿಸಬೇಕು. ಇದರ ಹಿಂದೆ ಭೀಮಾತೀರದ ಇನ್ನೊಂದು ದೊಡ್ಡ ಪ್ರಕಾರವಾದ ಹರದೇಶಿ-ನಾಗೇಶಿಯ ನೆರಳಿದೆ. ಶಿವನೇ ಹೆಚ್ಚೆಂದು ಹರದೇಶಿಯವರು, ಶಕ್ತಿಯೇ ಹೆಚ್ಚೆಂದು ನಾಗೇಶಿಯವರು ರಾತ್ರಿಯಿಡೀ ವಾದಿಸುವ ಈ ಹಾಡಿಕೆಯು ಲಾವಣಿಯ ತುರಾ-ಕಲಗಿ ಸಂಪ್ರದಾಯದಿಂದ ಬೆಳೆದುದು. ಹಾಲುಮತದವರ ಡೊಳ್ಳಿನ ಹಾಡಿಕೆಯದೂ ಇದೇ ಜಾಡು. ಮಹಾರಾಷ್ಟ್ರದ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯ ಮಾಳಿಂಗರಾಯನ ದೀಪಾವಳಿ ಜಾತ್ರೆಗೆ ಈ ಭಾಗದಿಂದ ಹೋಗುವ ಡೊಳ್ಳಿನ ಮೇಳಗಳಿಗೆ ರಾಜ್ಯದ ಗಡಿ ಎಲ್ಲಿ ಬಂತು, ಎಲ್ಲಿ ಹೋಯಿತು ಎಂಬುದು ಲೆಕ್ಕಕ್ಕೇ ಇಲ್ಲ.

ಮೊಹರಂ ಹಬ್ಬದ ಅಲಾಯಿ ಪದ, ರಿವಾಯತ್ ಪದಗಳನ್ನು ಹಾಡುವವರೂ ಎಷ್ಟೋ ಊರುಗಳಲ್ಲಿ ಇದೇ ಭಜನಿ ಮೇಳದವರೇ. ಕರ್ಬಲೆಯ ಕಥೆಯನ್ನು ಕನ್ನಡದಲ್ಲಿ ಹಾಡುವ ಈ ಪದಗಳ ಬಗ್ಗೆ ರಹಮತ್ ತರೀಕೆರೆಯವರ ಅಧ್ಯಯನಗಳು ಸಾಕಷ್ಟು ಬೆಳಕು ಚೆಲ್ಲಿವೆ. ಮುಸ್ಲಿಂ ಮನೆಗಳು ಬೆರಳೆಣಿಕೆಯಷ್ಟಿರುವ ಊರುಗಳಲ್ಲಿಯೂ ಪೀರದೇವರನ್ನು ಕೂರಿಸುವ, ಹೊರುವ, ಅಲಾಯಿ ಕುಣಿಯುವ ಹೊಣೆಯನ್ನು ಬೇರೆ ಬೇರೆ ಜಾತಿಯವರು ಹಂಚಿಕೊಂಡಿದ್ದಾರೆ.

1948ರ ನೆರಳು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರವು ಅಪೂರ್ಣವಾಗುತ್ತದೆ. ಸಾಮರಸ್ಯವೆಂಬ ಮಾತನ್ನು ನಮ್ಮ ಜಾನಪದ ಬರಹಗಳಲ್ಲಿ ಧಾರಾಳವಾಗಿ ಬಳಸಲಾಗುತ್ತದೆ, ಅದು ಯಾವ ಬೆಲೆ ತೆತ್ತು ಉಳಿದುಕೊಂಡಿತೆಂಬುದನ್ನು ಬಿಟ್ಟುಬಿಡಲಾಗುತ್ತದೆ. 1947–48ರಲ್ಲಿ ರಜಾಕಾರರ ಹಾವಳಿಯಿಂದ ಈ ಸೀಮೆಯ ಹಳ್ಳಿಗಳು ನಲುಗಿದವು. ಜನರು ಹೊಳೆ ದಾಟಿ, ಗಡಿ ದಾಟಿ ಮುಂಬಯಿ ಪ್ರಾಂತ್ಯದ ಊರುಗಳಲ್ಲಿ ಆಶ್ರಯ ಪಡೆದರು. ಅಲ್ಲಿಂದಲೇ ಸ್ವಾತಂತ್ರ್ಯದ ಶಿಬಿರಗಳು ಕೆಲಸ ಮಾಡಿದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯ ಕಾರ್ಯಾಚರಣೆಯಿಂದ ಹೈದರಾಬಾದ್ ಸಂಸ್ಥಾನವು ಒಕ್ಕೂಟಕ್ಕೆ ಸೇರಿತು. ಸೆಪ್ಟೆಂಬರ್ 17 ಈ ಭಾಗದ ವಿಮೋಚನೆಯ ದಿನವಾಯಿತು.

ಅದರ ಬೆನ್ನಿಗೇ ನಡೆದ ಇನ್ನೊಂದು ಸಂಗತಿಯೂ ಇದೆ. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಪ್ರತೀಕಾರದ ಹಿಂಸೆಯನ್ನು ತಿಳಿಯಲು ಕೇಂದ್ರ ಸರ್ಕಾರವು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಕಳುಹಿಸಿದ ತಂಡದ ವರದಿಯು ಬಹಳ ವರ್ಷ ಹೊರಬರಲಿಲ್ಲ. ಸಾರ್ವಜನಿಕರಿಗೆ ನೋಡಲು ದೊರೆತದ್ದು 2013ರ ಹೊತ್ತಿಗೆ. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು ಅದು 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿದೆ. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳೊಡನೆ ಕಲಬುರಗಿಯನ್ನೂ ಹೆಸರಿಸಿದೆ. ಒಂದು ವರ್ಷದ ಅಂತರದಲ್ಲಿ ಎರಡು ದಿಕ್ಕಿನ ಹಿಂಸೆಯನ್ನು ಕಂಡ ಊರುಗಳಲ್ಲಿ ಅನಂತರವೂ ಪೀರಗಳು ಕೂತವು, ಜಲಾಲಸಾಹೇಬರ ಪದವನ್ನು ಲಿಂಗಾಯತರ ಮನೆಯ ಅಂಗಳದಲ್ಲಿ ಹಾಡಲಾಯಿತು. ಆಗ ಹಾಡಿದವರು ಏನನ್ನು ಮರೆತು, ಏನನ್ನು ನುಂಗಿಕೊಂಡು ಹಾಡಿದರೆಂಬುದನ್ನು ಯಾವ ಕ್ಷೇತ್ರಕಾರ್ಯವೂ ಪೂರ್ತಿಯಾಗಿ ಕೇಳಿಲ್ಲ. ಕೇಳಬೇಕಾದ ತಲೆಮಾರು ಬಹುಮಟ್ಟಿಗೆ ಮುಗಿದುಹೋಗಿದೆ.

ಈ ಪ್ರಶ್ನೆ ಕೇವಲ ಹಳೆಯದಲ್ಲ. ಆಳಂದದ ಲಾಡ್ಲೆ ಮಶಾಯಖ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ನೆನಪಿನೊಡನೆ ಬೆಸೆದ ಶಿವಲಿಂಗವೂ ಇದೆ. ಅಲ್ಲಿನ ಪೂಜೆಯ ವಿಷಯವಾಗಿ 2022ರ ಶಿವರಾತ್ರಿಯಂದು ಉದ್ವಿಗ್ನತೆ ಉಂಟಾಗಿ, ಮುಂದೆ ಪ್ರಕರಣವು ನ್ಯಾಯಾಲಯದವರೆಗೂ ಹೋಯಿತು. ತತ್ವಪದಕಾರರ ಕಾಲದಲ್ಲಿ ಒಂದೇ ಆವರಣದಲ್ಲಿ ಎರಡು ಗದ್ದುಗೆಗಳಿರುವುದು ವಿವರಣೆ ಬೇಡುವ ವಿಷಯವಾಗಿರಲಿಲ್ಲ. ಇಂದು ಅದು ಬಂದೋಬಸ್ತು ಬೇಡುವ ವಿಷಯವಾಗಿದೆ.

ಉಳಿದುದು, ಅಳಿದುದು

1956ರ ಏಕೀಕರಣದ ನಂತರ ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಬಂದವು. ಶಾಲೆ, ರಸ್ತೆ, ಆಕಾಶವಾಣಿಯ ಕಲಬುರಗಿ ಕೇಂದ್ರ ಇವುಗಳಿಂದ ಕೆಲವು ಹಾಡುಗಾರರಿಗೆ ಮನ್ನಣೆಯೂ ದೊರೆಯಿತು. ಇದೇ ಅವಧಿಯಲ್ಲಿ ಅನೇಕ ಹಾಡುಗಳು ಸದ್ದಿಲ್ಲದೆ ಮರೆಯಾದವು. ಹಿಟ್ಟಿನ ಗಿರಣಿ ಬಂದು ಬೀಸುವ ಪದ ಹೋಯಿತು. ರಾಶಿಯ ಯಂತ್ರ ಬಂದು, ಕಣದಲ್ಲಿ ಎತ್ತುಗಳನ್ನು ಸುತ್ತಿಸುತ್ತ ರಾತ್ರಿಯೆಲ್ಲ ಹಾಡುತ್ತಿದ್ದ ಹಂತಿ ಪದ ಹೋಯಿತು. ಏತ ನೀರಾವರಿ, ಸೊನ್ನದ ಬ್ಯಾರೇಜು, ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು, ಕಬ್ಬಿಗೆ ಹಾಡಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವುದು ಮಾತ್ರ ಇನ್ನೂ ನಡೆದಿದೆ. ಅಂದು ಸಜ್ಜೆರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗದ ಮನೆ ಅಪರೂಪ.

ಇಷ್ಟೆಲ್ಲ ಹೋದರೂ ತತ್ವಪದ ಏಕೆ ಉಳಿಯಿತು? ಅದು ಕೆಲಸಕ್ಕೆ ಅಂಟಿಕೊಂಡ ಹಾಡಾಗಿರಲಿಲ್ಲ ಎಂಬುದೇ ಇದಕ್ಕೆ ಮುಖ್ಯ ಉತ್ತರ. ಕೆಲಸದ ಹಾಡು ಕೆಲಸದೊಡನೆ ಸಾಯುತ್ತದೆ. ತತ್ವಪದವು ಅಂಟಿಕೊಂಡದ್ದು ತಿಂಗಳಿಗೊಮ್ಮೆ ತಪ್ಪದೆ ಬರುವ ಅಮಾವಾಸ್ಯೆಗೆ ಮತ್ತು ಮನುಷ್ಯನಿಗೆ ತಪ್ಪದ ಸಾವಿಗೆ. ಪುಣೆ, ಮುಂಬಯಿ, ಸೊಲ್ಲಾಪುರಗಳಿಗೆ ದುಡಿಯಲು ಹೋದವರು ಅಲ್ಲಿನ ಬಡಾವಣೆಗಳಲ್ಲಿಯೂ ಭಜನಿ ಮೇಳ ಕಟ್ಟಿಕೊಂಡಿರುವುದು ಇದೇ ಕಾರಣದಿಂದ.

ಸಂಪಾದನೆಯ ತೊಡಕುಗಳು

ಈಗ ಮೌಖಿಕ ಪದಗಳು ವೇಗವಾಗಿ ಅಚ್ಚಾಗುತ್ತಿವೆ, ಅದಕ್ಕಿಂತ ವೇಗವಾಗಿ ಮೊಬೈಲಿನಲ್ಲಿ ಹರಿದಾಡುತ್ತಿವೆ. ಈ ಹಂತದಲ್ಲಿ ಆಗುವ ಹಾನಿಯನ್ನು ಸರಿಪಡಿಸುವುದು ಕಷ್ಟ. ಮುಖ್ಯವಾದ ತೊಡಕು ಭಾಷೆಯದು. 'ಮನಿ' ಎಂದಿದ್ದುದನ್ನು ಸಂಪಾದಕರು 'ಮನೆ' ಎಂದು ತಿದ್ದುತ್ತಾರೆ. 'ಮನಿ'ಗೆ ಪ್ರಾಸವಾಗಿ ಮುಂದಿನ ಸಾಲಿನಲ್ಲಿ 'ಹನಿ' ಇದ್ದರೆ ಪ್ರಾಸ ಮುರಿಯುತ್ತದೆ. ಮುರಿದುದನ್ನು ಕಂಡ ಮುಂದಿನ ಸಂಪಾದಕರು ಆ ಪದಕಾರನಿಗೆ ಛಂದಸ್ಸಿನ ಹಿಡಿತವಿರಲಿಲ್ಲವೆಂದು ತೀರ್ಮಾನಿಸುತ್ತಾರೆ. 'ಹ್ಯಾಂಗ' ಎಂಬುದು 'ಹೇಗೆ' ಆದಾಗ ಆಡುಮಾತಿನ ದನಿ ತಪ್ಪುತ್ತದೆ. ಉರ್ದು ಮೂಲದ ಆಡಳಿತ ಶಬ್ದಗಳನ್ನು ಕಿತ್ತು ಸಂಸ್ಕೃತ ಶಬ್ದ ಹಾಕಿದ ಮುದ್ರಿತ ಪಾಠಗಳಲ್ಲಿ ಮೇಲೆ ಹೇಳಿದ ಜಪ್ತಿಯ ರೂಪಕವೇ ಮಾಯವಾಗುತ್ತದೆ. ಇದನ್ನು ಪರಿಷ್ಕರಣವೆಂದು ಕರೆಯುವುದು ಸರಿಯಲ್ಲ.

ಇನ್ನೊಂದು ತೊಡಕು ಅಂಕಿತದ್ದು. ಅಂಕಿತವನ್ನು ಕವಿಯ ಸಹಿಯೆಂದು ಓದುವುದು ನಮ್ಮ ರೂಢಿ. ಈ ಪರಂಪರೆಯಲ್ಲಿ ಅದು ಬಹುಮಟ್ಟಿಗೆ ಗುರುವಿನ ಹೆಸರು. ಮಡಿವಾಳಪ್ಪನವರ ಪದಗಳ ಕೊನೆಗೆ ಬರುವ 'ಮಹಾಂತ' ಅವರು ಗುರುವೆಂದು ನೆನೆದ ಹೆಸರು. ಶಿಷ್ಯರು ತಮ್ಮ ಗುರುವಿನ ಹೆಸರಿಟ್ಟು ಹಾಡು ಕಟ್ಟುತ್ತಾರೆ, ಅವರ ಶಿಷ್ಯರು ಅದೇ ಪದಕ್ಕೆ ಕೊನೆಯ ನುಡಿ ಬದಲಿಸಿ ಹಾಡುತ್ತಾರೆ. ಹೀಗಾಗಿ ಒಂದೇ ಪದವು ಎರಡು-ಮೂರು ಅಂಕಿತಗಳಲ್ಲಿ ಸಿಗುತ್ತದೆ. ಯಾವುದು ಮೂಲ, ಯಾವುದು ಕಳವು ಎಂದು ಕೇಳುವುದು ಗ್ರಂಥಸ್ವಾಮ್ಯದ ಕಾಲದ ಪ್ರಶ್ನೆ. ಪ್ರತಿಯೊಂದು ಪಾಠವನ್ನೂ ಹಾಡಿದವರ ಊರು, ಮೇಳ, ಗುರುಪರಂಪರೆಗಳೊಡನೆ ಪ್ರತ್ಯೇಕವಾಗಿ ದಾಖಲಿಸುವುದೊಂದೇ ದಾರಿ. ಧ್ವನಿಮುದ್ರಿಕೆಯಿಲ್ಲದ ಪಠ್ಯವು ಅರ್ಧ ಪಠ್ಯವೆಂಬುದನ್ನೂ ಒಪ್ಪಿಕೊಳ್ಳಬೇಕಾಗಿದೆ, ಏಕೆಂದರೆ ದಾಟಿಯು ಪದದ ಹೊರಗಿನ ಅಲಂಕಾರವಲ್ಲ.

ವಹಿಗಳ ಸ್ಥಿತಿಯೂ ಚಿಂತೆಗೆ ಎಡೆಮಾಡಿದೆ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಬಂದ ಪ್ರವಾಹವು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನುಗ್ಗಿತು. ಮಣ್ಣಿನ ಗೋಡೆಯ ಗೂಡಿನಲ್ಲಿಟ್ಟ ಕಾಗದಕ್ಕೆ ಅಂಥ ನೀರಿನ ಎದುರು ರಕ್ಷಣೆಯಿಲ್ಲ. ಹೊಳೆಯ ದಂಡೆಯ ಊರುಗಳ ವಹಿಗಳ ಛಾಯಾಪ್ರತಿ ತೆಗೆದಿಡುವ ಕೆಲಸವನ್ನು ಕರಜಗಿಯಂಥ ಹೋಬಳಿಗಳಿಂದಲೇ ಆರಂಭಿಸಬೇಕು. ವಹಿಯನ್ನು ಮನೆಯವರಿಂದ ಕಿತ್ತು ಗ್ರಂಥಾಲಯಕ್ಕೆ ಸಾಗಿಸಬೇಕಾಗಿಲ್ಲ.

ಕೊನೆಯದಾಗಿ, ಈ ಪದಗಳು ಪೂರ್ಣವಾಗಿ ಅರ್ಥವಾಗುವ ಸಂದರ್ಭವನ್ನು ವಿವರಿಸಬೇಕು. ಊರಲ್ಲಿ ಸಾವಾದರೆ ಭಜನಿ ಮೇಳಕ್ಕೆ ಕರೆ ಹೋಗುತ್ತದೆ. ಲಿಂಗಾಯತರಲ್ಲಿ ಶವವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಧರಿಸಿ, ಹೂವೇರಿಸುತ್ತಾರೆ. ಮೇಳದವರು ಎದುರಿಗೆ ಕುಳಿತು ರಾತ್ರಿಯಿಡೀ ಹಾಡುತ್ತಾರೆ. ಮೊದಲ ಜಾವದಲ್ಲಿ ಗುರುಸ್ತುತಿ, ನಡುರಾತ್ರಿಯಲ್ಲಿ ದೇಹವೆಂಬ ಮನೆಯ ಪದಗಳು, ಬೆಳಗಿನ ಜಾವಕ್ಕೆ ಬಯಲಿನ ಪದಗಳು. ಹಾಡಲು ಬಂದವರ ಜಾತಿಯನ್ನು ಆ ರಾತ್ರಿ ಯಾರೂ ಕೇಳುವುದಿಲ್ಲ. ಪದದ ನಡುವೆ ಅಳು ಜೋರಾದರೆ ಮುಂದಾಳು ದನಿಯನ್ನು ಇನ್ನಷ್ಟು ಏರಿಸುತ್ತಾನೆ. ಬೆಳಗಾದ ಮೇಲೆ ಮಂಗಳದ ಪದ ಹಾಡಿ ಏಕತಾರಿಯನ್ನು ಕೆಳಗಿಡುತ್ತಾರೆ, ಆನಂತರವೇ ಶವವು ಮನೆಯ ಹೊಸ್ತಿಲು ದಾಟುತ್ತದೆ.